ಹದಿನೇಳನೇ ಮಹಡಿಯ ಸ್ಟೂಲು

ಪುಣೆ
೨೪ ಜೂನ್ ೨೦೨೪

ಅಬ್ಬಾ,

ಸಲಾಂ. ನಿಮ್ಮ ಕಿವಿಗೆಂದು ತಂದುಕೊಟ್ಟ ಯಂತ್ರ ಕಪಾಟಿನಲ್ಲೇ ಕೂತಿದೆ ಎಂದು ಅಮ್ಮಿ ಹೇಳಿದಳು. ಹಾಕಿಕೊಂಡರೆ ಬಸ್ ಸ್ಟ್ಯಾಂಡಿನ ಗದ್ದಲ ಮತ್ತೆ ಕೇಳಿಸುತ್ತದೆ ಎಂದಿರಂತೆ. ಫೋನಿನಲ್ಲಿ ನಾನು ಕೂಗುವುದು, ನೀವು "ಹಾಂ, ಹಾಂ" ಎನ್ನುವುದು, ಕೊನೆಗೆ ಶಾನವಾಜ ಭಾಯಿ ಫೋನು ಕಸಿದುಕೊಂಡು "ಅಬ್ಬಾಗ ಏನೂ ಕೇಳಿಲ್ಲ, ಬರೇ ತಲಿ ಅಲ್ಲಾಡಿಸ್ಯಾರ" ಎನ್ನುವುದು ನನಗೂ ಸಾಕಾಯಿತು. ಬರೆದದ್ದಕ್ಕೆ ಕಿವಿ ಬೇಡ. ಇನ್ನು ಮೇಲೆ ಪತ್ರ ಬರೆಯುತ್ತೇನೆ, ನೀವೂ ಬರೆಯಬೇಕು.

ಈಗ ಒಂದು ಸಲಹೆ ಬೇಕಾಗಿದೆ. ಇಲ್ಲಿ ಹಳೆಯ ಗುಡಿಸಲುಗಳನ್ನು ತೆಗೆದು ಅಲ್ಲಿದ್ದವರಿಗಾಗಿ ಇಪ್ಪತ್ತೆರಡು ಮಹಡಿಯ ಕಟ್ಟಡ ಕಟ್ಟಿದ್ದಾರೆ. ಮಹಡಿಗೆ ಎಂಟು ಮನೆ, ಇಡೀ ಕಟ್ಟಡಕ್ಕೆ ಮೂರೇ ಲಿಫ್ಟು. ಲಿಫ್ಟನ್ನು ಜೋರಾಗಿ ಓಡಿಸುವುದು ನನ್ನ ಕೆಲಸವಲ್ಲ. ಯಾರು ಎಲ್ಲಿ ಗುಂಡಿ ಒತ್ತಿದರೆ ಮೂರರಲ್ಲಿ ಯಾವ ಲಿಫ್ಟು ಮೊದಲು ಅಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆಯೊಂದಿದೆ, ಅದಕ್ಕೆ ಕಾಯ್ದೆ ಬರೆದುಕೊಡುವುದು ನನ್ನ ಕೆಲಸ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಎಲ್ಲರೂ ಒಮ್ಮೆಗೇ ಕೆಳಗಿಳಿಯಬೇಕು. ಗುಂಡಿ ಒತ್ತಿದವರು ಈಗ ಸರಾಸರಿ ತೊಂಬತ್ತಾರು ಸೆಕೆಂಡು ಕಾಯುತ್ತಿದ್ದಾರೆ. ಸೆಪ್ಟೆಂಬರಿನೊಳಗೆ ಅದು ನಲವತ್ತೈದಕ್ಕೆ ಇಳಿಯದಿದ್ದರೆ ಇಂಥವೇ ಇನ್ನೂ ಹದಿನಾಲ್ಕು ಕಟ್ಟಡಗಳ ಕೆಲಸ ನಮ್ಮ ಕಂಪನಿಯ ಕೈ ತಪ್ಪುತ್ತದೆ. ನಮ್ಮ ಸುಭಾಸ ಸರ್ ಮುದ್ದೇಬಿಹಾಳದವರು, ನನಗೆ ಕೆಲಸ ಕೊಟ್ಟವರು, ನಿಮಗೆ ಗೊತ್ತೇ ಇದೆ. "ನಮ್ಮ ಕಡಿ ಹುಡುಗಿ, ಮಾನ ಉಳಿಸು" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ.

ತೊಂದರೆ ಬಾಗಿಲಿನದು. ಜನ ಬಾಗಿಲಿಗೆ ಚಪ್ಪಲಿ, ಬಕೆಟ್ಟು, ಮಗುವಿನ ಸೈಕಲ್ಲು ಏನಾದರೂ ಅಡ್ಡ ಇಟ್ಟು ಲಿಫ್ಟನ್ನು ಹಿಡಿದು ನಿಲ್ಲಿಸುತ್ತಾರೆ. ಒಬ್ಬರು ಒಂದು ನಿಮಿಷ ಹಿಡಿದರೆ ಉಳಿದ ಮಹಡಿಗಳಲ್ಲಿ ನಲವತ್ತು ಜನ ಶಾಪ ಹಾಕುತ್ತಾರೆ. ಹದಿನೇಳನೇ ಮಹಡಿಯಲ್ಲಿ ನಮ್ಮ ಕಡೆಯ ಹೊರ್ತಿ ಊರಿನ ಧೂಳಪ್ಪ ಕಾಕಾ ಇದ್ದಾರೆ. ಗಾರೆ ಕೆಲಸಕ್ಕೆಂದು ಬಂದು ಮೂವತ್ತು ವರ್ಷವಾಯಿತಂತೆ. ನಾನು ಫೋನಿನಲ್ಲಿ ಅಮ್ಮಿಯ ಜತೆ ಮಾತಾಡುವುದನ್ನು ಕೇಳಿ ಅವರ ಹೆಂಡತಿ ಕಾಶಿಬಾಯಿ ಕೈ ಹಿಡಿದು ಒಳಗೆ ಕರೆದರು. "ನಮ್ಮ ಊರಿನ ಮಾತು ಕೇಳಿ ಎಷ್ಟು ದಿನ ಆತವ್ವಾ, ಕುಂದ್ರು" ಎಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಾಕಿದರು. ಧೂಳಪ್ಪ ಕಾಕಾನ ಮೂತ್ರಪಿಂಡ ಕೆಟ್ಟಿದೆ. ವಾರಕ್ಕೆ ಮೂರು ಬೆಳಗ್ಗೆ ಡಯಾಲಿಸಿಸ್ಸಿಗೆ ಹೋಗಬೇಕು. ನಿಂತು ಕಾಯಲು ಆಗುವುದಿಲ್ಲ. ಮಗ ದುಂಡೇಶ ಲಿಫ್ಟು ಬಂದೊಡನೆ ಬಾಗಿಲಿಗೆ ಒಂದು ಸ್ಟೂಲು ಅಡ್ಡ ಇಟ್ಟು, ಒಳಗೋಡಿ ಅಪ್ಪನನ್ನು ಎತ್ತಿಕೊಂಡು ಬರುತ್ತಾನೆ. ನೋಡಿ ನನಗೆ ನಗು ಬಂತು, ನಮ್ಮ ಕಡೆಯವರು ಬಸ್ಸಿನ ಕಿಟಕಿಗೆ ಟವೆಲ್ ಎಸೆಯುವುದು ನೆನಪಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದಾಗ ಆ ಜಂಗುಳಿಯನ್ನು ನೀವು ಹೇಗೆ ಹತೋಟಿಗೆ ತಂದಿರಿ? ಅದನ್ನು ಬರೆಯಿರಿ.

ನಿಮ್ಮ ಮಗಳು
ನಿಷತ


ಸಿಂದಗಿ
೩ ಜುಲೈ ೨೦೨೪

ಮಗಳೇ ನಿಷತ,

ನಿನ್ನ ಪತ್ರವನ್ನು ಮನೆಮಂದಿಗೆಲ್ಲ ಓದಿ ಹೇಳಿದೆ. ನಿನ್ನ ಅಮ್ಮಿ ಜೈತುನಬಿಗೆ ಆ ರೊಟ್ಟಿಯ ಮಾತು ಸೇರಿತು, ಉಳಿದದ್ದು ತಿಳಿಯಲಿಲ್ಲ. ನನಗೆ ಮಾತ್ರ ಎಲ್ಲ ತಿಳಿಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ನಾಲ್ಕು ತಾಲೂಕು ತಿರುಗಿ ಮೂವತ್ತೊಂದು ವರ್ಷ ಸ್ಟ್ಯಾಂಡಿನ ಮೈಕು ಹಿಡಿದು ಒದರಿದವನು ನಾನು. ಓದಿದ್ದು ಹತ್ತನೇ ಇಯತ್ತೆ. ನೀನು ದೊಡ್ಡ ಇಂಜಿನಿಯರು. ಆದರೂ ಕೊನೆಗೆ ಬಂದದ್ದು ಈ ಕಿವುಡ ಕಂಟ್ರೋಲರನ ಹತ್ತಿರವೇ, ನೋಡು.

ಮೊದಲ ಮಾತು. ಕಾಯುವ ಮನುಷ್ಯ ಗಡಿಯಾರ ನೋಡುವುದಿಲ್ಲ, ಪಕ್ಕದವನನ್ನು ನೋಡುತ್ತಾನೆ. ಅರ್ಧ ತಾಸು ಸುಮ್ಮನೆ ಕೂತವನೂ ತನ್ನ ಹಿಂದೆ ಬಂದವನು ಮುಂದೆ ಹೋದರೆ ನನ್ನ ಕಿಟಕಿಗೆ ಬಂದು "ಏನ್ರಿ ಕಂಟ್ರೋಲರ್ ಸಾಹೇಬ್ರ, ನಾವೇನು ಮನುಷ್ಯಾರಲ್ಲೇನು?" ಎನ್ನುತ್ತಿದ್ದ.

ಎರಡನೆಯದು ಟವೆಲ್. ಬಸ್ಸು ನಿಲ್ಲುವ ಮೊದಲೇ ಟವೆಲ್ ಎಸೆದು ಜಾಗ ಹಿಡಿಯುವುದು ನಮ್ಮ ಜನಕ್ಕೆ ಹುಟ್ಟುಗುಣ, ಅದು ಸುಟ್ಟರೂ ಹೋಗುವುದಿಲ್ಲ. ಟವೆಲ್ ಎಸೆದವನು ಚಹಾ ಕುಡಿಯಲು ಹೋಗುತ್ತಾನೆ, ಬಸ್ಸು ಅವನಿಗಾಗಿ ನಿಲ್ಲುತ್ತದೆ, ಹಿಂದಿನ ಮೂರು ಬಸ್ಸುಗಳು ತಡವಾಗುತ್ತವೆ. ನಾನು ಒಂದು ಕಾಯ್ದೆ ಮಾಡಿದೆ. ಯಾವ ಊರಿನವರು ಗದ್ದಲ ಮಾಡುತ್ತಾರೋ ಆ ಊರಿನ ಬಸ್ಸು ಸರದಿಯ ಕೊನೆಗೆ. ಅದನ್ನು ಪ್ಲಾಟ್‌ಫಾರ್ಮಿಗೆ ಹಚ್ಚುವುದೂ ಇಲ್ಲ, ಗೇಟಿನಿಂದಲೇ ಬಿಡುವುದು. ಆರು ತಿಂಗಳಲ್ಲಿ ಎಲ್ಲ ಬಸ್ಸುಗಳೂ ವೇಳೆಗೆ ಸರಿಯಾಗಿ ಹೊರಡತೊಡಗಿದವು. ಯಾರಿಂದಲೂ ಒಂದು ತಕರಾರು ಬರಲಿಲ್ಲ. ಪಡಸಾಲೆಯ ಗೋಡೆಯ ಮೇಲಿರುವ ಪ್ರಮಾಣಪತ್ರ ಅದಕ್ಕಾಗಿಯೇ ಬಂದದ್ದು. ಅದರ ಕೆಳಗೆ ಕೂತೇ ನೀನು ಪಾಠ ಓದಿದ್ದು.

ನೀನೂ ಹಾಗೇ ಮಾಡಿ ನೋಡು. ಗದ್ದಲ ಮಾಡುವ ಮಹಡಿ ಕೊನೆಗೆ.

ನಿನ್ನ ಅಬ್ಬಾ
ಗೈಬುಸಾಬ


ಪುಣೆ
೨೦ ಆಗಸ್ಟ್ ೨೦೨೪

ಅಬ್ಬಾ,

ನಲವತ್ತೊಂದು ಸೆಕೆಂಡು! ತೊಂಬತ್ತಾರು ಇದ್ದದ್ದು ನಲವತ್ತೊಂದಕ್ಕೆ ಇಳಿಯಿತು. ಸುಭಾಸ ಸರ್ ಇಡೀ ಆಫೀಸಿಗೆ ಪೇಢೆ ಹಂಚಿದರು. ಹದಿನಾಲ್ಕು ಕಟ್ಟಡಗಳ ಕೆಲಸವೂ ನಮಗೇ ಬಂತು.

ಅದರಲ್ಲಿ ನಿಮ್ಮ ಪಾಲು ದೊಡ್ಡದು. ಎಷ್ಟೋ ಲೆಕ್ಕ ಹಾಕಿ ಅರುವತ್ತಕ್ಕೆ ತಂದಿದ್ದೆ, ಅಲ್ಲಿಂದ ಜಗ್ಗಲಿಲ್ಲ. ಆಮೇಲೆ ನಿಮ್ಮ ಕಾಯ್ದೆಯನ್ನು ಬರೆದು ಹಾಕಿದೆ. ಯಾವ ಮಹಡಿಯಲ್ಲಿ ವಾರಕ್ಕೆ ಮೂರು ಸಲ ಬಾಗಿಲು ಅಡ್ಡಗಟ್ಟುತ್ತಾರೋ ಆ ಮಹಡಿಯ ಕರೆ ಬೆಳಗಿನ ಹೊತ್ತು ಸರದಿಯ ಕೊನೆಗೆ ಹೋಗುತ್ತದೆ. ಬೇರೆಯವರ ಕರೆಗಳು ಮುಗಿದ ಮೇಲೆ ಲಿಫ್ಟು ಅಲ್ಲಿಗೆ ಬರುತ್ತದೆ. ಎರಡೇ ವಾರದಲ್ಲಿ ಚಪ್ಪಲಿ, ಬಕೆಟ್ಟು ಎಲ್ಲ ಮಾಯವಾದವು. ನಿಮ್ಮ ಹೆಸರನ್ನು ಪೆಟ್ಟಿಗೆಯಲ್ಲಿ ಬರೆಯಲು ಬರುವಂತಿದ್ದರೆ ಬರೆಯುತ್ತಿದ್ದೆ.

ಕಾಶಿಬಾಯಿ ಮೊನ್ನೆ ಸಿಕ್ಕಿದ್ದರು. "ಏನ್ ಮಾಡೀವ್ವಾ ಲಿಫ್ಟಿಗೆ, ನಮ್ಮ ಮಜಲಾಕ್ಕ ಬರೂದ ಮರತೈತಿ. ಈಗ ಅರ್ಧಾ ತಾಸು ಮೊದ್ಲ ತಯಾರಾಗಿ ನಿಂದರ್ತೇವಿ" ಎಂದರು. ಜನಕ್ಕೆ ಹೊಸದು ರೂಢಿಯಾಗಲು ಸ್ವಲ್ಪ ದಿನ ಬೇಕು. ಸ್ಟೂಲು ಇಡಬೇಡಿ ಎಂದು ಹೇಳಿಬಂದೆ.

ನಿಮ್ಮ ನಿಷತ


ಸಿಂದಗಿ
೧ ಸೆಪ್ಟೆಂಬರ್ ೨೦೨೪

ಮಗಳೇ,

ಪತ್ರ ಬಂತು. ಅಮ್ಮಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಶಾನವಾಜ ತನ್ನ ಟಾಯರ್ ಅಂಗಡಿಗೆ ಬಂದವರಿಗೆಲ್ಲ "ನಮ್ಮ ತಂಗಿ" ಎಂದು ಹೇಳುತ್ತಾನೆ.

ಒಂದು ಕೇಳುವುದಿತ್ತು. ಆ ಸ್ಟೂಲಿನವರು ಸ್ಟೂಲು ಇಡದಿದ್ದರೆ ಮುದುಕನನ್ನು ಹೇಗೆ ಹತ್ತಿಸುತ್ತಾರೆ? ಕೊನೆಗೆ ಹಾಕಿದ ಮಹಡಿಗೆ ಲಿಫ್ಟು ಎಷ್ಟು ಹೊತ್ತಿಗೆ ಬರುತ್ತದೆ, ಅದನ್ನು ಯಾರಾದರೂ ನೋಡುತ್ತಾರೆಯೇ? ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಇರಲಿ, ಅದು ಹಳೆಯದು.

ಮೈ ನೋಡಿಕೋ.

ಅಬ್ಬಾ


ಪುಣೆ
೧೯ ಅಕ್ಟೋಬರ್ ೨೦೨೪

ಅಬ್ಬಾ,

ಧೂಳಪ್ಪ ಕಾಕಾ ಆಸ್ಪತ್ರೆಯಲ್ಲಿದ್ದಾರೆ. ಎಚ್ಚರವಿಲ್ಲ.

ಮೊನ್ನೆ ಗುರುವಾರ ಅವರ ಡಯಾಲಿಸಿಸ್ಸಿನ ದಿನ. ಬೆಳಗಿನಿಂದಲೇ ಉಸಿರು ಕಟ್ಟುತ್ತಿತ್ತಂತೆ. ದುಂಡೇಶ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಗುಂಡಿ ಒತ್ತಿದ. ಲಿಫ್ಟು ಬರಲಿಲ್ಲ. ಮೂರೂ ಲಿಫ್ಟುಗಳು ಮೇಲಕ್ಕೆ ಕೆಳಕ್ಕೆ ಹೋಗುತ್ತಿದ್ದುದು ಬಾಗಿಲ ಮೇಲಿನ ಅಂಕಿಗಳಲ್ಲಿ ಕಾಣುತ್ತಿತ್ತು. ಅವನು ಮೆಟ್ಟಿಲೇರಿ ಹದಿನೆಂಟನೇ ಮಹಡಿಗೆ ಓಡಿದ, ಅಲ್ಲಿ ಬಂದದ್ದರಲ್ಲಿ ಕಾಲಿಡಲು ಜಾಗವಿರಲಿಲ್ಲ, ಯಾರೂ ಇಳಿಯಲಿಲ್ಲ. ಮತ್ತೆ ಕೆಳಗೆ ಬಂದು ಒತ್ತಿದ. ಕೊನೆಗೆ ಪಕ್ಕದ ಮನೆಯವರೊಂದಿಗೆ ಸೇರಿ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತುಕೊಂಡು ಇಳಿದ. ಒಂಬತ್ತನೇ ಮಹಡಿಯಲ್ಲಿ ಕಾಕಾನ ತಲೆ ವಾಲಿತು.

ಪೆಟ್ಟಿಗೆಯ ನೆನಪಿನಲ್ಲಿ ಎಲ್ಲ ದಾಖಲಾಗಿದೆ. ಹದಿನೇಳನೇ ಮಹಡಿಯ ಗುಂಡಿಯನ್ನು ಮೂವತ್ತೊಂದು ಸಲ ಒತ್ತಿದ್ದಾರೆ. ಇಪ್ಪತ್ತನಾಲ್ಕು ನಿಮಿಷ. ಲಿಫ್ಟುಗಳು ಕೆಟ್ಟಿರಲಿಲ್ಲ, ಅಬ್ಬಾ. ನಾನು ಹೇಳಿದ್ದನ್ನೇ ಮಾಡುತ್ತಿದ್ದವು. ದಸರೆಗೆ ಮೇಲಿನ ಮಹಡಿಗಳಿಗೆ ಹೊಸದಾಗಿ ಮೂವತ್ತು ಸಂಸಾರ ಬಂದಿವೆ. ಬೇರೆಯವರ ಕರೆಗಳು ಮುಗಿದ ಮೇಲೆ ಎಂದು ಬರೆದಿದ್ದೆ. ಬೆಳಗಿನ ಹೊತ್ತು ಬೇರೆಯವರ ಕರೆಗಳು ಮುಗಿಯುವುದೇ ಇಲ್ಲ. ಸರದಿಗೆ ಕೊನೆ ಎಂಬುದೇ ಇರುವುದಿಲ್ಲ, ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ. ಆ ದಿನದ ಸರಾಸರಿ ಎಷ್ಟು ಗೊತ್ತೇ? ನಲವತ್ತೆರಡು ಸೆಕೆಂಡು. ಆ ಇಪ್ಪತ್ತನಾಲ್ಕು ನಿಮಿಷದಿಂದ ನನ್ನ ಲೆಕ್ಕದಲ್ಲಿ ಹೆಚ್ಚಾದದ್ದು ಒಂದೇ ಒಂದು ಸೆಕೆಂಡು.

ಪೊಲೀಸರು ಕಂಪನಿಯಿಂದ ವರದಿ ಕೇಳಿದ್ದಾರೆ. ಬರೆಯುವವಳು ನಾನು. ಸುಭಾಸ ಸರ್ ನನ್ನನ್ನು ಕೂರಿಸಿಕೊಂಡು ಒಂದು ವಾಕ್ಯ ಹೇಳಿಕೊಟ್ಟರು. "ಹದಿನೇಳನೇ ಮಹಡಿಯ ನಿವಾಸಿಗಳು ಪದೇ ಪದೇ ಬಾಗಿಲಿಗೆ ಅಡ್ಡಿಪಡಿಸಿದ್ದರಿಂದ ಲಿಫ್ಟಿನ ಸೇವೆ ತಡವಾಯಿತು." ನಾನು ಪೆನ್ನು ಕೆಳಗಿಟ್ಟೆ. ಅವರು ಮೆಲ್ಲಗೆ, "ನಾ ಏನು ಸುಳ್ಳು ಬರಿ ಅನ್ನಾಕತ್ತಿಲ್ಲ ನಿಷತ. ಸ್ಟೂಲು ಇಟ್ಟಿದ್ದು ಖರೇ ಹೌದಲ್ಲ? ಖರೇ ಇದ್ದದ್ದನ್ನ ಬರಿ" ಎಂದರು. ಅದನ್ನು ಬರೆದರೆ ತಪ್ಪು ದುಂಡೇಶನ ತಲೆಗೆ ಬರುತ್ತದೆ. ಸ್ಟೂಲಿನಿಂದಲೇ ಲಿಫ್ಟು ಹದಗೆಟ್ಟಿತು ಎಂದು ಕಟ್ಟಡದ ಕಮಿಟಿಯವರು ಅವನ ಮೇಲೆ ದೂರು ಕೊಡಲು ತುದಿಗಾಲಲ್ಲಿ ನಿಂತಿದ್ದಾರೆ. ಬರೆಯದಿದ್ದರೆ ನನ್ನ ಕೆಲಸ ಹೋಗುತ್ತದೆ, ಹದಿನಾಲ್ಕು ಕಟ್ಟಡಗಳೂ ಹೋಗುತ್ತವೆ, ಸುಭಾಸ ಸರ್ ಬೀದಿಗೆ ಬರುತ್ತಾರೆ. ಅತ್ತ ದರಿ, ಇತ್ತ ಪುಲಿ.

ನವೆಂಬರ್ ನಾಲ್ಕನೇ ತಾರೀಖು ಸೋಮವಾರ ಸಹಿ ಮಾಡಬೇಕು. ನಿಮ್ಮ ಕಾಯ್ದೆಯಿಂದ ನಿಮಗೆ ಒಂದು ತಕರಾರೂ ಬರಲಿಲ್ಲ ಎಂದಿರಲ್ಲ, ಅದು ಹೇಗೆ? ನಾನು ಎಲ್ಲಿ ತಪ್ಪಿದೆ? ಬೇಗ ಬರೆಯಿರಿ.

ನಿಷತ


ಪುಣೆ
೨೫ ಅಕ್ಟೋಬರ್ ೨೦೨೪

ಅಬ್ಬಾ,

ಧೂಳಪ್ಪ ಕಾಕಾ ಮಂಗಳವಾರ ತೀರಿಕೊಂಡರು.

ಮಣ್ಣು ಕೊಟ್ಟು ಬಂದ ಮೇಲೆ ಅವರ ಮನೆಗೆ ಹೋಗಿದ್ದೆ. ದುಂಡೇಶ ಗೋಡೆಗೆ ಒರಗಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ನಾನ ಕೊಂದೆ. ಸ್ಟೂಲು ಇಡಬ್ಯಾಡ ಅಂದ್ರೂ ಇಟ್ಟೆ." ಇಡಬೇಡ ಎಂದವಳು ನಾನೇ. ಕಾಶಿಬಾಯಿ ನನ್ನ ಕೈ ಹಿಡಿದು, "ನೀ ಲಿಫ್ಟಿನ ಕೆಲಸದಾಕಿ, ನೀನರೆ ಹೇಳವ್ವಾ, ನನ್ನ ಮಗಂದ ತಪ್ಪೇನು?" ಎಂದು ಕೇಳಿದರು. ಅವರು ಕೊಟ್ಟ ನೀರು ಕುಡಿದು ಎದ್ದುಬಂದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ನಿಮ್ಮಿಂದ ಪತ್ರವಿಲ್ಲ. ಅಮ್ಮಿಗೆ ಫೋನು ಮಾಡಿದರೆ, "ನಿಮ್ಮ ಅಬ್ಬಾ ಪತ್ರಾ ಓದಿದಾಗಿಂದ ಸರಿಯಾಗಿ ಉಣ್ಣವೊಲ್ಲರು, ಮಾತಾಡವೊಲ್ಲರು. ಏನ್ ಬರದೀ ಅಂಥಾದ್ದು?" ಎಂದು ನನಗೇ ಬೈದಳು. ನಾನು ಕೇಳಿದ್ದು ಒಂದೇ ಪ್ರಶ್ನೆ. ಬೈಯುವುದಿದ್ದರೂ ಬರೆದು ಬೈಯಿರಿ. ಸೋಮವಾರಕ್ಕೆ ಇನ್ನು ಹತ್ತೇ ದಿನ.

ನಿಷತ


ಸಿಂದಗಿ
೨೮ ಅಕ್ಟೋಬರ್ ೨೦೨೪

ಮಗಳೇ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೂರು ಹರಿದುಹಾಕಿದೆ. ಇದನ್ನು ಮುಗಿಸಿದ ಕೂಡಲೇ ನಾನೇ ಪೋಸ್ಟಿಗೆ ಒಯ್ದು ಹಾಕುತ್ತೇನೆ.

ನೀನು ಎಲ್ಲಿ ತಪ್ಪಿದೆ ಎಂದು ಕೇಳಿದ್ದಿ. ನನ್ನನ್ನು ಕೇಳಿದ್ದೇ ನಿನ್ನ ತಪ್ಪು. ಜುಲೈ ತಿಂಗಳಲ್ಲಿ ನಾನು ನಿನಗೆ ಅರ್ಧವನ್ನೇ ಬರೆದೆ. ಉಳಿದ ಅರ್ಧ ಇಲ್ಲಿದೆ, ಓದು.

ಎರಡು ಸಾವಿರದ ಮೂರನೇ ಇಸವಿ. ಯಾವ ಸ್ಟ್ಯಾಂಡು ಎಂಬುದು ಬೇಡ, ಸ್ಟ್ಯಾಂಡಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಟವೆಲ್ ಎಸೆಯುವುದರಲ್ಲಿ ದೇವಣಗಾಂವದವರು ಮುಂದು. ಅವರ ಬಸ್ಸನ್ನು ನಾನು ಸರದಿಯ ಕೊನೆಗೆ ಹಾಕಿದೆ, ಪ್ಲಾಟ್‌ಫಾರ್ಮಿಗೆ ಹಚ್ಚಬೇಡ ಎಂದು ಡ್ರೈವರಿಗೆ ಹೇಳಿದೆ. ನಿಲ್ಲಿಸಿದರೆ ಟವೆಲ್ ಬೀಳುತ್ತವೆ, ಅದಕ್ಕೇ ಗೇಟಿನ ಹತ್ತಿರ ಬಸ್ಸನ್ನು ಪೂರ್ತಿ ನಿಲ್ಲಿಸದೆ ಮೆಲ್ಲಗೆ ಉರುಳಿಸುತ್ತಾ ಹತ್ತಿಸಿಕೋ ಎಂದೆ. ಇದು ನನ್ನ ಬಾಯಿಮಾತು, ಯಾವ ಕಾಗದದಲ್ಲೂ ಇಲ್ಲ. ಸಂತೆಯ ದಿನ ಮಾಳಿಂಗರಾಯ ಎಂಬ ಕುರಿ ಕಾಯುವವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಓಡಿಬಂದ. ಬಾಗಿಲ ಸರಳು ಹಿಡಿದ, ಕಂಬಳಿ ಕಾಲಿಗೆ ತೊಡರಿತು. ಹಿಂದಿನ ಗಾಲಿ ಅವನ ಬಲಗಾಲಿನ ಮೇಲೆ ಹೋಯಿತು. ಮೊಣಕಾಲಿನ ಕೆಳಗೆ ತೆಗೆದರು. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ.

ಮೇಲಿನವರು ಬಂದು ವರದಿ ಕೇಳಿದರು. ನಾನು ಬರೆದೆ. "ಪ್ರಯಾಣಿಕನು ಚಲಿಸುತ್ತಿದ್ದ ಬಸ್ಸನ್ನು ಹತ್ತಲು ಹೋಗಿ ಬಿದ್ದನು." ಒಂದಕ್ಷರ ಸುಳ್ಳಿಲ್ಲ, ನೋಡು. ಬಸ್ಸು ಯಾಕೆ ಚಲಿಸುತ್ತಿತ್ತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಡ್ರೈವರನೂ ಬಾಯಿ ಬಿಡಲಿಲ್ಲ. ತಪ್ಪು ಅವನದೇ ಎಂದಾಯಿತು. ನಾಲ್ಕು ತಿಂಗಳ ಮೇಲೆ ಪ್ರಮಾಣಪತ್ರ ಬಂತು. ಯಾರಿಂದಲೂ ತಕರಾರು ಬರಲಿಲ್ಲ ಎಂದು ನಿನಗೆ ಬರೆದೆನಲ್ಲ, ಅದೂ ಖರೆ. ಮಾಳಿಂಗರಾಯ ತಕರಾರು ಕೊಡಲಿಲ್ಲ. ಕೊಡಬಹುದು ಎಂದು ಅವನಿಗೆ ಗೊತ್ತಿರಲಿಲ್ಲ.

ನಿನ್ನ ಆಗಸ್ಟಿನ ಪತ್ರದಲ್ಲಿ ಆ ಮುದುಕಿ ಅರ್ಧ ತಾಸು ಮೊದಲೇ ನಿಲ್ಲುತ್ತಾಳೆ ಎಂದು ಓದಿದಾಗಲೇ ನನಗೆ ದೇವಣಗಾಂವದ ಬಸ್ಸು ನೆನಪಾಯಿತು. ಆಗಲೇ ಬರೆಯಬೇಕಿತ್ತು. ಓಣಿಯಲ್ಲಿ ಸಕ್ಕರೆ ಹಂಚುತ್ತಿದ್ದರು, ಬರೆಯಲಿಲ್ಲ. ಬರೆದಿದ್ದರೆ ನೀನು ಆ ಕಾಯ್ದೆ ತೆಗೆಯುತ್ತಿದ್ದಿ, ಧೂಳಪ್ಪ ಆ ಬೆಳಗ್ಗೆ ಲಿಫ್ಟಿನಲ್ಲಿ ಇಳಿಯುತ್ತಿದ್ದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಬೇರೆ ಯಾರೋ ಉಂಡರು.

ಸಹಿ ಮಾಡಬೇಡ ಎಂದು ಹೇಳುವ ಮುಖ ನನಗಿಲ್ಲ. ಮಾಡಿದರೆ ಏನಾಗುತ್ತದೆ ಎಂದು ಮಾತ್ರ ಹೇಳಬಲ್ಲೆ. ಏನೂ ಆಗುವುದಿಲ್ಲ. ಊಟ ಸೇರುತ್ತದೆ, ಬಡ್ತಿ ಬರುತ್ತದೆ, ಮಕ್ಕಳು ಓದುತ್ತಾರೆ. ಆದರೆ ನಾನು ಇಪ್ಪತ್ತೊಂದು ವರ್ಷದಿಂದ ದೇವಣಗಾಂವದ ಬೋರ್ಡು ಇರುವ ಬಸ್ಸು ಕಂಡರೆ ಅಂಗಡಿಯೊಳಗೆ ಹೋಗಿ ನಿಲ್ಲುತ್ತೇನೆ. ನೀನು ಯಾವ ಲಿಫ್ಟಿನ ಮುಂದೆ ನಿಲ್ಲುತ್ತೀ?

ಪ್ರಮಾಣಪತ್ರ ತೆಗೆದುಹಾಕಲು ಹೋದೆ. ಆಮೇಲೆ ಬಿಟ್ಟೆ. ಅದು ಅಲ್ಲೇ ಇರಲಿ, ದಿನಾ ನೋಡುತ್ತೇನೆ.

ಗೈಬುಸಾಬ


ಪುಣೆ
೧೦ ನವೆಂಬರ್ ೨೦೨೪

ಅಬ್ಬಾ,

ನಿಮ್ಮ ಪತ್ರ ಸಹಿಗೆ ಮೂರು ದಿನ ಮೊದಲು ಸಿಕ್ಕಿತು. ಓದಿ ನಿಮ್ಮ ಮೇಲೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾಯ್ದೆ ನಿಮ್ಮದೆಂದು ಹೇಳಿ ನಾನು ಪಾರಾಗುವುದಿಲ್ಲ. ನೀವು ಹೇಳಿದ್ದಿರಿ, ಬರೆದವಳು ನಾನು. ಕಾಶಿಬಾಯಿ ಲಿಫ್ಟು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದಾಗ ರೂಢಿಯಾಗುತ್ತದೆ ಎಂದವಳೂ ನಾನೇ. ನೀವು ಸೆಪ್ಟೆಂಬರಿನಲ್ಲಿ ಕೇಳಿದ ಪ್ರಶ್ನೆಗೂ ನಾನು ಉತ್ತರ ಬರೆಯಲಿಲ್ಲ.

ಸಹಿಯ ಹಿಂದಿನ ದಿನ, ಭಾನುವಾರ, ಹದಿನೇಳನೇ ಮಹಡಿಗೆ ಹೋದೆ. ಲಿಫ್ಟು ಹತ್ತಲು ಮನಸ್ಸಾಗಲಿಲ್ಲ, ಮೆಟ್ಟಿಲು ಹತ್ತಿದೆ. ಒಂಬತ್ತನೇ ಮಹಡಿಯಲ್ಲಿ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ. ಅವರ ಮನೆಯ ಮೂಲೆಯಲ್ಲಿ ಆ ಸ್ಟೂಲು ಮುರಿದು ಬಿದ್ದಿತ್ತು. ದುಂಡೇಶ ಅದನ್ನು ಕಲ್ಲಿನಿಂದ ಜಜ್ಜಿದ್ದನಂತೆ. ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ನನ್ನ ಕಾಯ್ದೆ ಏನು, ಅದು ಅವರ ಮಹಡಿಯನ್ನು ಹೇಗೆ ಹಿಂದಕ್ಕೆ ಹಾಕಿತು, ಗುಂಡಿ ಎಷ್ಟು ಸಲ ಒತ್ತಿದರು ಎಂಬುದು ನನಗೆ ಹೇಗೆ ಗೊತ್ತು, ಎಲ್ಲ.

ದುಂಡೇಶ ಮುರಿದ ಸ್ಟೂಲಿನ ಕಾಲೊಂದನ್ನು ಕೈಗೆತ್ತಿಕೊಂಡ. ಆಮೇಲೆ, "ಹಂಗಾರ ನಾ ಸ್ಟೂಲು ಇಡದಿದ್ರ ಅಪ್ಪ ಉಳಿತಿದ್ನ?" ಎಂದ. ನಾನು ಹೇಳಿದೆ, "ಬಾಗಿಲು ನಾಕ ಸೆಕೆಂಡಿಗೆ ಮುಚ್ಚತೈತಿ ದುಂಡೇಶಣ್ಣಾ. ನೀ ಸ್ಟೂಲು ಇಡದಿದ್ರ ಕಾಕಾನ ಒಂದ ದಿನಾನೂ ಹತ್ತಸಾಕ ಆಗ್ತಿರಲಿಲ್ಲ. ನೀ ಮಾಡಿದ್ದು ತಪ್ಪಲ್ಲ. ಅದನ್ನ ತಪ್ಪು ಅಂತ ಲಿಫ್ಟಿಗೆ ಕಲಿಸಿದಾಕಿ ನಾನು." ಅವನು ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಸತ್ತ ದಿನವೂ ಅತ್ತಿರಲಿಲ್ಲವಂತೆ.

ಕಾಶಿಬಾಯಿ ಅಳಲಿಲ್ಲ. ನನ್ನನ್ನು ಬಾಗಿಲ ತನಕ ಕಳಿಸಿಕೊಟ್ಟು ಹೇಳಿದರು, "ಖರೇ ಹೇಳೀದಿ, ಚಲೋ ಮಾಡೀದಿ. ಇನ್ನ ನಮ್ಮ ಮನಿಗೆ ಬರಬ್ಯಾಡ ಯವ್ವಾ." ಅದಕ್ಕೆ ನಾನು ತಲೆಬಾಗಿ ಬಂದೆ. ನೋವಾಯಿತು, ಆಗಬೇಕಾದ್ದೇ.

ಸೋಮವಾರ ಸುಭಾಸ ಸರ್ ಹೇಳಿಕೊಟ್ಟ ವರದಿಗೆ ಸಹಿ ಮಾಡಲಿಲ್ಲ. ನನ್ನದನ್ನು ಬೇರೆ ಬರೆದು, ಪೆಟ್ಟಿಗೆಯ ದಾಖಲೆ ಹಚ್ಚಿ ಪೊಲೀಸರಿಗೆ ಕೊಟ್ಟೆ. ಕಾಯ್ದೆಯನ್ನು ಅಂದೇ ತೆಗೆದೆ. ಈಗ ಯಾವ ಮಹಡಿಯಲ್ಲೂ ಯಾರೂ ಮೂರು ನಿಮಿಷಕ್ಕಿಂತ ಹೆಚ್ಚು ಕಾಯುವಂತಿಲ್ಲ, ಅಷ್ಟಾದರೆ ಉಳಿದೆಲ್ಲ ಬಿಟ್ಟು ಒಂದು ಲಿಫ್ಟು ಅಲ್ಲಿಗೇ ಹೋಗುತ್ತದೆ. ಸರಾಸರಿ ಐವತ್ತೆಂಟಕ್ಕೆ ಏರಿದೆ. ಸುಭಾಸ ಸರ್ ನನ್ನ ಮುಖ ನೋಡದೆ, "ನಾಳಿಯಿಂದ ಬರಬ್ಯಾಡ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಮುಂದೆ ವಿಚಾರಣೆಗೆ ಕರೆದಾಗ ಹೋಗಬೇಕು, ನನ್ನ ಮೇಲೆ ಏನು ಬರುತ್ತದೋ ಗೊತ್ತಿಲ್ಲ. ಹೆದರಿಕೆ ಇದೆ.

ಅಬ್ಬಾ, ನೀವು ಎಲ್ಲ ಬರೆದಿರಿ. ಒಂದನ್ನು ಬರೆಯಲಿಲ್ಲ. ಮಾಳಿಂಗರಾಯ ಈಗಲೂ ಇದ್ದಾನೆಯೇ?

ನಿಷತ


ಸಿಂದಗಿ
೨೩ ನವೆಂಬರ್ ೨೦೨೪

ಮಗಳೇ ನಿಷತ,

ಇದ್ದಾನೆ. ನಿನ್ನೆ ದೇವಣಗಾಂವಕ್ಕೆ ಹೋಗಿದ್ದೆ.

ಬಸ್ಸಿನಲ್ಲಿ ನಿಂತೇ ಹೋದೆ. ಯಾರೋ ಕುಳಿತುಕೊಳ್ಳಿ ಎಂದು ಸೀಟು ಬಿಟ್ಟರು, ಬೇಡವೆಂದೆ. ಊರಲ್ಲಿ ಹೆಸರು ಕೇಳಿದೊಡನೆ ಮನೆ ತೋರಿಸಿದರು. ಐವತ್ತು ವರ್ಷದ ಗಂಡಸು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ, ಪಕ್ಕದಲ್ಲಿ ಊರುಗೋಲು. ನನ್ನ ಗುರುತು ಅವನಿಗೆ ಹತ್ತಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಬಸ್ಸು ನಿಲ್ಲಿಸಬೇಡ ಎಂದು ಡ್ರೈವರಿಗೆ ಹೇಳಿದವನು ನಾನು, ಅದನ್ನು ವರದಿಯಲ್ಲಿ ಬರೆಯದೆ ಬಿಟ್ಟವನೂ ನಾನು, ನಿನ್ನ ತಪ್ಪಿರಲಿಲ್ಲ ಎಂದೆ. ಎಷ್ಟು ಜೋರಾಗಿ ಹೇಳಿದೆನೋ ತಿಳಿಯದು, ಪಕ್ಕದ ಮನೆಗಳವರೆಲ್ಲ ಹೊರಗೆ ಬಂದರು.

ಅವನು ಮಾತಾಡತೊಡಗಿದ. ಬಹಳ ಹೊತ್ತು ಮಾತಾಡಿದ. ಕುತ್ತಿಗೆಯ ನರ ಉಬ್ಬಿದ್ದವು, ಒಮ್ಮೆ ಊರುಗೋಲು ಎತ್ತಿ ನೆಲಕ್ಕೆ ಬಡಿದ. ನನಗೆ ಒಂದು ಅಕ್ಷರ ಕೇಳಿಸಲಿಲ್ಲ, ನಿಷತ. ನೀನು ಕೊಡಿಸಿದ ಯಂತ್ರ ಕಪಾಟಿನಲ್ಲಿತ್ತು. ಇಪ್ಪತ್ತೊಂದು ವರ್ಷ ನಾನು ಹೆದರಿದ್ದ ಮಾತನ್ನು ಅವನು ನನ್ನ ಎದುರಿಗೇ ಆಡುತ್ತಿದ್ದ, ನಾನು ಅವನ ತುಟಿ ನೋಡುತ್ತಾ ನಿಂತಿದ್ದೆ. ನಾಚಿಕೆ ಬಿಟ್ಟು ಕಿವಿ ಮುಟ್ಟಿ ತೋರಿಸಿ, ನಾನು ಕಿವುಡ, ಬರೆದುಕೊಡಿ ಎಂದೆ. ಅವನಿಗೆ ಬರೆಯಲು ಬಾರದು. ಸೊಸೆ ಕಾವೇರಿ ಕಾಗದ ತಂದಳು. ಅವನು ಹೇಳಿದ, ಅವಳು ಬರೆದಳು. ಆ ಕಾಗದವನ್ನು ಅವನ ಎದುರಿಗೇ ಓದಿದೆ. ಇದರೊಳಗೆ ಇಟ್ಟರೆ ನನ್ನ ಹತ್ತಿರ ಉಳಿಯುವುದಿಲ್ಲ, ಅದಕ್ಕೆ ಅದನ್ನೇ ಇಲ್ಲಿ ನಕಲು ಮಾಡುತ್ತೇನೆ.

"ನಮ್ಮ ಮಾವಾರು ಹೇಳಾಕತ್ತಾರ. ಓಡಿದ್ದು ನಂದ ತಪ್ಪು ಅಂತ ಇಷ್ಟ ವರ್ಷ ತಿಳಕೊಂಡಿದ್ದೆ. ಅದಕ್ಕ ನನ್ನ ಮಗ ಸಣ್ಣಾಂವ ಇದ್ದಾಗ ಸಾಲಿ ಬಸ್ಸಿಗೆ ಓಡಿದ್ದಕ್ಕ ಅವನ್ನ ಬಾರಕೋಲಿಲೆ ಹೊಡದೆ. ಬೆನ್ನ ಮ್ಯಾಲೆ ಬಾಸುಂಡಿ ಬಂದಿದ್ವು. ಆಮ್ಯಾಲೆ ಅಂವಾ ಎಲ್ಲಾರೂ ಹತ್ತೂತನಾ ಹಿಂದ ನಿಂತ, ಬಸ್ಸು ತಪ್ಪಿ ತಪ್ಪಿ ಸಾಲಿನ ಬಿಟ್ಟ. ನನ್ನ ಕಾಲಿಂದು ಇರಲಿ. ಅದನ್ನ ಅವನಿಗಿ ಯಾರು ಹೇಳವ್ರು? ಅಂವಾ ದುಡ್ಯಾಕ ಹೋಗ್ಯಾನ, ಐತವಾರ ಬರ್ತಾನ. ನೀವೂ ಬರ್ರಿ. ನನಗ ಹೇಳಿದ್ದನ್ನ ಅವನ ಮುಂದನೂ ಹೇಳ್ರಿ. ನೀವು ಬರಲಿಲ್ಲ ಅಂದ್ರ ನಾನ ನಿಮ್ಮ ಮನಿಗಿ ಬರ್ತೇನಿ, ಓಡಿ ಬಸ್ಸು ಹತ್ತಿ."

ನಾಳೆ ಐತವಾರ. ನಿನ್ನ ಅಮ್ಮಿ ಕಪಾಟಿನಿಂದ ಯಂತ್ರ ತೆಗೆದು ಒರೆಸಿ ಇಟ್ಟಿದ್ದಾಳೆ, ಅದನ್ನು ಹಾಕಿಕೊಂಡು ಆರೂವರೆಯ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಅಬ್ಬಾ
ಗೈಬುಸಾಬ